ನಿಂತ ಮೇಲೂ ಏದುಸಿರು ಏಕೆ?

ಅಮೃತಾಪುರದ ಅಮೃತೇಶ್ವರ ಗುಡಿಯನ್ನು ನೋಡಿದ್ದೀರಾ ಮಕ್ಕಳೇ? ಹೊಯ್ಸಳ ದೊರೆ ಎರಡನೇ ವೀರಬಲ್ಲಾಳನ ದಂಡನಾಯಕ 1196ರಲ್ಲಿ ಕಟ್ಟಿಸಿದ ಗುಡಿ ಅದು. ಮಂಟಪದ ದಕ್ಷಿಣದ ಗೋಡೆಯ ಮೇಲೆ ರಾಮಾಯಣದ ಕೆತ್ತನೆಗಳಿವೆ. ಉತ್ತರದ ಗೋಡೆಯಲ್ಲಿ ಕೃಷ್ಣನ ಕಥೆ, ಮಹಾಭಾರತ. ಕೃಷ್ಣನ ಪಾಲಿಗೇ 25 ಫಲಕಗಳು! ಕಥೆ ಗುರುತಿಸುತ್ತ ನಿಧಾನವಾಗಿ ಒಂದು ಸುತ್ತು ಬನ್ನಿ. ಆಮೇಲೆ ಕೂತು, ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ನಾಡಿ ಎಣಿಸಿ. ಸುಮ್ಮನೆ ಕೂತಿರುವಾಗ ನಿಮ್ಮ ವಯಸ್ಸಿನವರ ಎದೆ ಸಾಮಾನ್ಯವಾಗಿ ನಿಮಿಷಕ್ಕೆ 70ರಿಂದ 100 ಸಲ ಬಡಿಯುತ್ತದೆ.

ಈಗ ಗುಡಿಯಿಂದ ಹೊರಗೆ ಬಂದು ಬಯಲಲ್ಲಿ ಒಂದೇ ಒಂದು ನಿಮಿಷ ಜೋರಾಗಿ ಓಡಿ. ಮತ್ತೆ ಎಣಿಸಿ. ಎಷ್ಟು ಏರಿತು ನೋಡಿ!

ಓಡುವಾಗ ತೊಡೆ, ಮೀನಖಂಡದ ಸ್ನಾಯುಗಳಿಗೆ ಶಕ್ತಿ ಬೇಕು. ಅದನ್ನು ಒದಗಿಸುವ ವಸ್ತುವಿನ ಹೆಸರು ಎಟಿಪಿ. ಸ್ನಾಯುವಿನಲ್ಲಿ ಸಿದ್ಧವಾಗಿರುವ ಎಟಿಪಿ ಕೆಲವೇ ಸೆಕೆಂಡಿಗೆ ಸಾಕು. ಕ್ರಿಯಾಟಿನ್ ಫಾಸ್ಫೇಟ್ ಎಂಬ ಇನ್ನೊಂದು ದಾಸ್ತಾನು ಸುಮಾರು 10 ಸೆಕೆಂಡಿನವರೆಗೆ ಕೈಹಿಡಿಯುತ್ತದೆ. ಅಷ್ಟರಲ್ಲಿ ಸ್ನಾಯು ಸಕ್ಕರೆಯನ್ನು ಬೇಗಬೇಗ ಒಡೆಯಲು ಶುರುಮಾಡುತ್ತದೆ. ಆಮ್ಲಜನಕ ತರಲು ಶ್ವಾಸಕೋಶವೂ ಹೃದಯವೂ ಧಾವಂತಕ್ಕೆ ಬೀಳುತ್ತವೆ. ನೀವು ನಿಂತರೂ ಅವು ಕೂಡಲೇ ನಿಲ್ಲುವುದಿಲ್ಲ, ಏಕೆಂದರೆ ಖರ್ಚಾದ ದಾಸ್ತಾನನ್ನು ಮತ್ತೆ ತುಂಬಬೇಕಲ್ಲ! ಅದಕ್ಕೂ ಆಮ್ಲಜನಕ ಬೇಕು. ನಿಂತ ಮೇಲಿನ ಏದುಸಿರು ಅದೇ.

ಖೋ ಖೋ ಆಟ ಈ ಲೆಕ್ಕಕ್ಕೆ ಹೇಳಿ ಮಾಡಿಸಿದಂತಿದೆ. ಒಬ್ಬರು ಅಟ್ಟಿಸಿಕೊಂಡು ಹೋಗುತ್ತಾರೆ, ಎಂಟು ಜನ ಕೂತಿರುತ್ತಾರೆ. 'ಖೋ' ಎಂದೊಡನೆ ಚಿಮ್ಮಿ ಓಡಬೇಕು, ಮತ್ತೆ ಕೂರಬೇಕು. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ಗೆದ್ದ ನಮ್ಮ ಮಹಿಳಾ ತಂಡದಲ್ಲಿ ಮೈಸೂರು ಜಿಲ್ಲೆಯ ಕುರುಬೂರಿನ ಚೈತ್ರಾ ಇದ್ದರು. ಹಳ್ಳಿಯ ಅಂಗಳದ ಆಟ ಅಲ್ಲಿಯವರೆಗೆ ಹೋಯಿತೆಂದರೆ ನನಗೆ ಬಲು ಹಿಗ್ಗು.

'ಶಾಲೆ, ಹೋಂವರ್ಕು, ಟ್ಯೂಷನ್ನು... ವ್ಯಾಯಾಮಕ್ಕೆ ಹೊತ್ತೆಲ್ಲಿದೆ?' ಎನ್ನುತ್ತೀರಿ. 5ರಿಂದ 17 ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷ ಚುರುಕಾಗಿ ಮೈಕೈ ಆಡಿಸಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಆದರೆ ಅಷ್ಟನ್ನೂ ಒಂದೇ ಸಲಕ್ಕೆ ಮುಗಿಸಬೇಕಿಲ್ಲ. ದೊಡ್ಡವರಿಗೆ ಮೊದಲು 'ಒಮ್ಮೆಗೆ ಕನಿಷ್ಠ 10 ನಿಮಿಷ' ಎಂಬ ಮಾತಿತ್ತು. 2020ರಲ್ಲಿ ಅದನ್ನೂ ಸಂಸ್ಥೆ ಕೈಬಿಟ್ಟಿತು.

ಲಂಡನ್ನಿನ ವೈದ್ಯ ಜೆರ್ರಿ ಮಾರಿಸ್ 1953ರಲ್ಲಿ ಪ್ರಕಟಿಸಿದ ಅಧ್ಯಯನ ನನಗೆ ತುಂಬ ಇಷ್ಟ. ಅಲ್ಲಿಯ ಡಬಲ್ ಡೆಕ್ಕರ್ ಬಸ್ಸುಗಳಲ್ಲಿ ಡ್ರೈವರು ದಿನವಿಡೀ ಕೂತಿರುತ್ತಿದ್ದ, ಕಂಡಕ್ಟರು ಟಿಕೆಟ್ ಕೊಡಲು ಮೆಟ್ಟಿಲು ಹತ್ತಿ ಇಳಿಯುತ್ತಿದ್ದ. ಹೃದಯದ ಕಾಯಿಲೆ ಕಂಡಕ್ಟರುಗಳಲ್ಲಿ ಕಡಿಮೆಯಿತ್ತು. ಅವರೇನು ವ್ಯಾಯಾಮಕ್ಕೆಂದು ಹೊತ್ತು ಮೀಸಲಿಟ್ಟವರಲ್ಲ, ಕೆಲಸದ ನಡುವೆಯೇ ನಾಲ್ಕು ನಾಲ್ಕು ಮೆಟ್ಟಿಲು ಹತ್ತಿದವರು.

ನೀವೂ ಹಾಗೇ ಮಾಡಬಹುದು. ಗಣಿತ ಮುಗಿಸಿ ಸಮಾಜ ಹಿಡಿಯುವ ಮುಂಚೆ ಒಂದು ನಿಮಿಷ ಹಗ್ಗದಾಟ. ಅಮ್ಮ ಅಂಗಡಿಗೆ ಕಳಿಸಿದರೆ ಹೋಗುವಾಗ ಓಟ, ಬರುವಾಗ ನಡಿಗೆ. ಇಂಟರ್‌ವಲ್ಲಿನಲ್ಲಿ ಲಗೋರಿ. ಊಟವಾದ ಕೂಡಲೇ ಮಾತ್ರ ಓಡಬೇಡಿ. ಉಬ್ಬಸವೋ ಹೃದಯದ ತೊಂದರೆಯೋ ಇದ್ದವರು ಡಾಕ್ಟರನ್ನು ಕೇಳಿಯೇ ಆಡಿ.

ಕುಂಟೆಬಿಲ್ಲೆಯನ್ನಂತೂ ಬಿಡಬೇಡಿ. ಜಿಗಿದು ನೆಲ ಮುಟ್ಟಿದಾಗ ಮೂಳೆಯ ಮೇಲೆ ಭಾರ ಬೀಳುತ್ತದೆ, ಅದನ್ನು ಗುರುತಿಸಿ ಒಳಗಿನ ಜೀವಕೋಶಗಳು ಮೂಳೆಯನ್ನು ಗಟ್ಟಿಮಾಡುತ್ತವೆ. ಭಾರ ಬಿದ್ದ ಮೂಳೆಗೇ ಈ ಲಾಭ ಹೆಚ್ಚು. ಆದ್ದರಿಂದ ಬಲಗಾಲಲ್ಲಿ ಒಂದು ಆಟ ಆದರೆ ಎಡಗಾಲಲ್ಲೂ ಒಂದು ಆಟ ಕುಂಟಿ.