ಪ್ರೋಗ್ರಾಮಿನೊಳಗೇ ಕೀ ಉತ್ತರ



ಪ್ರೋಗ್ರಾಮಿನಲ್ಲಿ ಎರಡು ಓರೆಗೆರೆ ಹಾಕಿ ಬರೆಯುವ ಟಿಪ್ಪಣಿಯನ್ನು, ಅಂದರೆ ಕಾಮೆಂಟನ್ನು, ಕಂಪೈಲರ್ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ ಎಂದು ನೀವು ಕಲಿತಿದ್ದೀರಿ. ನಿಜ. ಆದರೆ ಅದೇ ಟಿಪ್ಪಣಿಯಿಂದ ಕಂಪೈಲರಿಗೇ ಪರೀಕ್ಷೆ ನಡೆಯುವುದುಂಟು.

ಇತರರ ತಪ್ಪು ಹಿಡಿಯುವ ಸಾಧನವನ್ನು ಪರೀಕ್ಷಿಸುವುದು ಹೇಗೆ? ಸಿ ಭಾಷೆಯ ಕಂಪೈಲರಾದ ಕ್ಲ್ಯಾಂಗ್ ತಯಾರಿಸುವವರು ಬೇಕೆಂದೇ ತಪ್ಪು ಪ್ರೋಗ್ರಾಂ ಬರೆಯುತ್ತಾರೆ. ಡಿಕ್ಲೇರ್ ಮಾಡದ ವೇರಿಯೆಬಲ್ ಬಳಸಿದ ಸಾಲಿನ ಕೊನೆಯಲ್ಲೇ 'ಎಕ್ಸ್‌ಪೆಕ್ಟೆಡ್-ಎರರ್' ಎಂಬ ಟಿಪ್ಪಣಿ, ಜೊತೆಗೆ ಬರಬೇಕಾದ ಸಂದೇಶ. 'ವೆರಿಫೈ' ಎಂಬ ಆಯ್ಕೆ ಕೊಟ್ಟು ಓಡಿಸಿದರೆ ಎರಡನ್ನೂ ತಾಳೆ ನೋಡುತ್ತದೆ. ಜಿಸಿಸಿಯಲ್ಲಿ ಇದು 'ಡಿಜಿ-ಎರರ್'. ಗೋ ಭಾಷೆಯ ವಿಶ್ಲೇಷಣಾ ಸಾಧನಗಳಲ್ಲಿ 'ವಾಂಟ್'.

ಉತ್ತರಗಳನ್ನು ಬೇರೆ ಫೈಲಿನಲ್ಲಿ ಸಾಲಿನ ಸಂಖ್ಯೆ ಹಾಕಿ ಇಟ್ಟರಾಗದೇ? ಆಗುತ್ತದೆ. ಆದರೆ ಮೇಲೆ ಒಂದು ಸಾಲು ಸೇರಿಸಿದಿರೋ, ಕೆಳಗಿನ ಸಂಖ್ಯೆಗಳೆಲ್ಲ ತಪ್ಪಿದವು. ಟಿಪ್ಪಣಿಯಾದರೆ ಸಾಲಿನ ಜೊತೆಗೇ ಸರಿಯುತ್ತದೆ.

ಟಿಪ್ಪಣಿ ಇದ್ದಲ್ಲಿ ತಪ್ಪು ಹಿಡಿಯದಿದ್ದರೆ ಸಾಧನ ಫೇಲು. ಟಿಪ್ಪಣಿಯಿಲ್ಲದ ಸಾಲಿನಲ್ಲಿ ತಪ್ಪಿದೆ ಎಂದರೂ ಫೇಲು. ಈ ಎರಡನೆಯದನ್ನು ಹೊಸಬರು ಮರೆಯುತ್ತಾರೆ. ನನ್ನ ದೃಷ್ಟಿಯಲ್ಲಿ ಅದೇ ದೊಡ್ಡದು. ಸುಮ್ಮಸುಮ್ಮನೆ ಕೂಗುವ ಸಾಧನದ ಮಾತನ್ನು ನಾಲ್ಕು ದಿನದಲ್ಲಿ ಯಾರೂ ಕೇಳುವುದಿಲ್ಲ. ನಿಜವಾದ ತಪ್ಪು ತೋರಿಸಿದ ದಿನವೂ ಕೇಳುವುದಿಲ್ಲ. ಆದ್ದರಿಂದ ಸರಿಯಾದ ಸಾಲುಗಳನ್ನೂ ಪರೀಕ್ಷೆಯಲ್ಲಿ ಸೇರಿಸಬೇಕು.

ಪರೀಕ್ಷೆ ಫೇಲಾದಾಗ ಸಾಧನ ಹೇಳಿದ್ದನ್ನೇ ಟಿಪ್ಪಣಿಗೆ ಇಳಿಸಿಬಿಡುವ ಆಸೆಯಾಗುತ್ತದೆ. ಆಗ ಪಾಸೇನೋ ಆಗುತ್ತದೆ, ಆದರೆ ಅದು ಪರೀಕ್ಷಾರ್ಥಿಯ ಕೈಗೇ ಕೀ ಉತ್ತರ ಬರೆಯಲು ಕೊಟ್ಟಂತೆ. ಲ್ಯಾಬಿನಲ್ಲಿ ಹತ್ತು ಸಾಲಿನ ಪ್ರೋಗ್ರಾಂ ಬರೆಯಿರಿ, ಭಾಷೆಯ ನಿಯಮ ನೋಡಿ ಟಿಪ್ಪಣಿ ಹಾಕಿರಿ, ಆಮೇಲೆ ಓಡಿಸಿರಿ.