ಜಿಡ್ಡಿನ ಗುರುತು



ಲೋಕದ ಕ್ಷಯರೋಗಿಗಳಲ್ಲಿ ಸುಮಾರು ಕಾಲುಪಾಲು ಜನ ನಮ್ಮ ದೇಶದವರು. ಆದುದರಿಂದ ಈ ರೋಗಾಣುವನ್ನು ದೇಹವು ಹೇಗೆ ಗುರುತಿಸುತ್ತದೆಂಬ ವಿಚಾರವನ್ನು ತಮ್ಮ ಮುಂದಿಡಬಯಸುತ್ತೇವೆ.

1882ರಲ್ಲಿ ರಾಬರ್ಟ್ ಕಾಕ್ ಕಂಡುಹಿಡಿದ ಈ ಅಣುಜೀವಿ ಮೇಣದಂತಹ ದಪ್ಪ ಹೊದಿಕೆಯನ್ನು ಹೊದ್ದಿದೆ. ನಮ್ಮ ರಕ್ತದ ಟಿ-ಕಣಗಳೆಂಬ ಕಾವಲುಗಾರರಿಗೆ ವೈರಿಯ ಗುರುತು ಸಿಗಬೇಕಾದರೆ, ಬೇರೆ ಜೀವಕೋಶಗಳು ಅದನ್ನು ನುಂಗಿ, ಅರೆದು, ಒಂದು ಚೂರನ್ನು ತಮ್ಮ ಮೈಮೇಲೆ ಎತ್ತಿ ತೋರಿಸಬೇಕು. ಆ ಚೂರು ಪ್ರೋಟೀನಿನದೇ ಆಗಿರಬೇಕೆಂದು ಬಹುಕಾಲ ನಂಬಲಾಗಿತ್ತು. 1994ರಲ್ಲಿ ಆ ನಂಬಿಕೆ ಸಡಿಲಿತು: ಹೊದಿಕೆಯಲ್ಲಿರುವ ಮೈಕಾಲಿಕ್ ಆಮ್ಲವೆಂಬ ಜಿಡ್ಡನ್ನೂ ಟಿ-ಕಣಗಳು ಗುರುತಿಸುತ್ತವೆಂದು ಸಿದ್ಧವಾಯಿತು. ಅದನ್ನು ಎತ್ತಿ ತೋರಿಸುವ ಬಟ್ಟಲಿನ ಹೆಸರು ಸಿಡಿ-1ಬಿ. ಜಿಡ್ಡಿನ ಉದ್ದನೆಯ ಬಾಲಗಳು ಅದರ ಪೊಟರೆಯೊಳಗೆ ಅಡಗುತ್ತವೆ. ನೀರಿಗೆ ಒಗ್ಗುವ ತಲೆ ಹೊರಗುಳಿದು ಟಿ-ಕಣಕ್ಕೆ ಸಿಗುತ್ತದೆ.

ಪ್ರೋಟೀನನ್ನು ತೋರಿಸುವ ಬಟ್ಟಲುಗಳು ಒಬ್ಬರಿಂದೊಬ್ಬರಿಗೆ ಬಹಳ ಬೇರೆ. ಸಿಡಿ-1 ಹೆಚ್ಚುಕಡಿಮೆ ಎಲ್ಲರಲ್ಲೂ ಒಂದೇ. ಜಿಡ್ಡಿನಿಂದ ಮಾಡಿದ ಲಸಿಕೆಯೊಂದು ಎಲ್ಲರಿಗೂ ಒದಗೀತೆಂಬ ಆಸೆ ಇದರಿಂದ ಹುಟ್ಟಿದೆ. ಆದರೆ ಪ್ರಯೋಗಶಾಲೆಯ ಪುಟ್ಟ ಇಲಿಯಲ್ಲಿ ಸಿಡಿ-1ಬಿ ಇಲ್ಲವೇ ಇಲ್ಲ; ಹೀಗಾಗಿ ಕೆಲಸ ನಿಧಾನ. ಅಲ್ಲಿಯವರೆಗೆ, ಎರಡು ವಾರ ಮೀರಿದ ಕೆಮ್ಮನ್ನು ನಾವಾರೂ ಅಲಕ್ಷಿಸದಿರೋಣ.