ಮರಳಿನ ರಥ ಕಟ್ಟಿದ ಬಲರಾಮದಾಸ



ಪುರಿಯ ರಥಯಾತ್ರೆಯನ್ನು ಟಿವಿಯಲ್ಲಾದರೂ ನೀವು ನೋಡಿರುತ್ತೀರಿ. ಆಷಾಢ ಶುದ್ಧ ಬಿದಿಗೆಯಂದು ಜಗನ್ನಾಥ, ಬಲಭದ್ರ, ಸುಭದ್ರೆಯರ ಮೂರು ಮರದ ರಥಗಳು ಗುಂಡಿಚಾ ಮಂದಿರದತ್ತ ಹೊರಡುತ್ತವೆ. ಇವತ್ತು ನಾನು ಹೇಳಹೊರಟಿರುವುದು ಆ ಮರದ ರಥಗಳ ಬಗ್ಗೆ ಅಲ್ಲ. ಅದೇ ಊರಿನ ಕಡಲ ದಂಡೆಯಲ್ಲಿ ಒಬ್ಬ ಭಕ್ತ ಮರಳಿನಲ್ಲಿ ಕಟ್ಟಿದ ರಥದ ಬಗ್ಗೆ.

ಆತ ಬಲರಾಮದಾಸ. ಒಡಿಯಾ ಸಾಹಿತ್ಯದಲ್ಲಿ 'ಪಂಚಸಖ'ರೆಂದು ಹೆಸರಾದ ಐವರು ಭಕ್ತಕವಿಗಳಲ್ಲಿ ಹಿರಿಯ. ಗಜಪತಿ ಪ್ರತಾಪರುದ್ರನ ಕಾಲದವನು. ನಮ್ಮ ಕೃಷ್ಣದೇವರಾಯನೊಡನೆ ಯುದ್ಧ ಮಾಡಿದ ಪ್ರತಾಪರುದ್ರನೇ ಅವನು. ಇತ್ತ ಪುರಂದರದಾಸರು ಹಾಡುತ್ತಿದ್ದ ಕಾಲಕ್ಕೆ ಅತ್ತ ಬಲರಾಮದಾಸ ಬರೆಯುತ್ತಿದ್ದ.

ಪುರಿಯಲ್ಲಿ ಹೇಳುವ ಕಥೆ ಹೀಗಿದೆ. ಒಂದು ರಥಯಾತ್ರೆಯ ದಿನ ಬಲರಾಮದಾಸ ಭಕ್ತಿಯ ಆವೇಶದಲ್ಲಿ ಜಗನ್ನಾಥನ ರಥ ಏರಹೋದ. ಅಲ್ಲಿದ್ದ ಸೇವಕರು ಅವನನ್ನು ಹೀಯಾಳಿಸಿ ಕೆಳಗಿಳಿಸಿದರು. ನೊಂದ ಕವಿ ನೇರ ಸಮುದ್ರ ತೀರಕ್ಕೆ ನಡೆದ. ಒದ್ದೆ ಮರಳನ್ನು ರಾಶಿ ಮಾಡಿ ರಥ ಕಟ್ಟಿದ, ಮೂರು ಮೂರ್ತಿಗಳನ್ನು ಮಾಡಿ ಕೂರಿಸಿದ, 'ಬಾ ಸ್ವಾಮಿ' ಎಂದು ಕರೆದ. ಅತ್ತ ಬೀದಿಯಲ್ಲಿ ಎಷ್ಟು ಜನ ಹಗ್ಗ ಎಳೆದರೂ ದೊಡ್ಡ ರಥ ಕದಲಲಿಲ್ಲ. ದೇವರು ಮರಳಿನ ರಥದಲ್ಲಿದ್ದ! ರಾಜನಿಗೆ ಕನಸಿನಲ್ಲಿ ಸಂಗತಿ ತಿಳಿದು, ಅವನು ಬಂದು ಕವಿಯ ಕ್ಷಮೆ ಕೇಳಿದ ಮೇಲೆಯೇ ರಥ ಮುಂದೆ ಸಾಗಿತಂತೆ.

ಈ ಕಥೆ ಕೇಳಿದಾಗ ಕನ್ನಡಿಗರಿಗೆ ಉಡುಪಿಯ ಕನಕನ ಕಿಂಡಿ ನೆನಪಾಗದೆ ಇರದು. ಅಲ್ಲಿ ಕೃಷ್ಣ ತಿರುಗಿ ನಿಂತ, ಇಲ್ಲಿ ಜಗನ್ನಾಥ ಇಳಿದು ಬಂದ. ಆದರೆ ಒಂದು ವ್ಯತ್ಯಾಸವಿದೆ. ಉಡುಪಿಯಲ್ಲಿ ತೋರಿಸಲು ಒಂದು ಕಿಂಡಿ ಇದೆ. ಬಲರಾಮದಾಸನ ರಥದ ಒಂದು ಕಣವನ್ನೂ ಯಾರೂ ತೋರಿಸಲಾರರು.

ಉಳಿಯುವುದಾದರೂ ಹೇಗೆ? ಮರಳಿನ ಮೂರ್ತಿಯನ್ನು ಹಿಡಿದಿಡುವುದು ಕಣ ಕಣದ ನಡುವಿನ ತೆಳುವಾದ ನೀರಿನ ಪೊರೆ. ನೀರು ಆರಿದರೆ ಮರಳು ಉದುರುತ್ತದೆ, ಹೆಚ್ಚಾದರೆ ಜರಿಯುತ್ತದೆ. ಬಿಸಿಲು, ಗಾಳಿ, ಉಬ್ಬರ ಮೂರರಲ್ಲಿ ಒಂದು ಬಂದರೂ ಸಾಕು.

ಆದರೆ ಅಂದಿನ ಅವಮಾನ ಅಲೆಯೊಡನೆ ಹೋಗಲಿಲ್ಲ. ಬಲರಾಮದಾಸ ಜನರ ಒಡಿಯಾದಲ್ಲಿ 'ಜಗಮೋಹನ ರಾಮಾಯಣ' ಬರೆದ. 'ಲಕ್ಷ್ಮೀ ಪುರಾಣ'ವನ್ನೂ ಬರೆದ. ಅದರಲ್ಲಿ ಲಕ್ಷ್ಮಿ ಶ್ರೀಯಾ ಎಂಬ ಅಸ್ಪೃಶ್ಯ ಹೆಂಗಸಿನ ಮನೆಗೆ ಹೋಗುತ್ತಾಳೆ. ಅದಕ್ಕಾಗಿ ಅಣ್ಣ ಬಲಭದ್ರನ ಮಾತು ಕೇಳಿ ಜಗನ್ನಾಥ ಹೆಂಡತಿಯನ್ನೇ ಹೊರಗೆ ಕಳಿಸುತ್ತಾನೆ. ಲಕ್ಷ್ಮಿ ಹೋದ ಮೇಲೆ ಅಣ್ಣತಮ್ಮಂದಿರಿಗೆ ತುತ್ತು ಅನ್ನವಿಲ್ಲ. ಭಿಕ್ಷೆ ಬೇಡಿ ಅಲೆದು, ಕೊನೆಗೆ ಅವಳ ಮನೆಯ ಅನ್ನವನ್ನೇ ಉಂಡು, ಅವಳ ಷರತ್ತಿಗೆ ಒಪ್ಪಿ ಕರೆತರುತ್ತಾರೆ. ರಥದಿಂದ ಇಳಿಸಲ್ಪಟ್ಟವನ ಲೇಖನಿಯಿಂದ ಬಂದ ಈ ಕಥೆಯನ್ನು ಒಡಿಶಾದ ಹೆಣ್ಣುಮಕ್ಕಳು ಮಾರ್ಗಶಿರ ಮಾಸದ ಗುರುವಾರಗಳಂದು ಮನೆಮನೆಯಲ್ಲಿ ಇಂದಿಗೂ ಓದುತ್ತಾರೆ.

ಮರಳಿನ ಕೆಲಸವೂ ನಿಂತಿಲ್ಲ. ಪುರಿಯ ಸುದರ್ಶನ್ ಪಟ್ನಾಯಕ್ ಅವರಿಗೆ 2014ರಲ್ಲಿ ಪದ್ಮಶ್ರೀ ಬಂತು. ಒಡಿಶಾದಲ್ಲಿ ಮರಳುಶಿಲ್ಪದ ಮಾತು ಬಂದರೆ ಬಲರಾಮದಾಸನಿಂದಲೇ ಶುರು. ಕಣ್ಣಿಗೆ ಕಾಣದ ಕೃತಿಯೊಂದು 500 ವರ್ಷ ಉಳಿದದ್ದು ಹೇಳುವವರು ಇದ್ದುದರಿಂದ, ಕೇಳುವವರು ಇದ್ದುದರಿಂದ.

ಊರ ತೇರಿಗೆ ರಜೆ ಸಿಗದೆ ಇಲ್ಲೇ ಉಳಿಯುವ ನಮಗೂ ಇದರಲ್ಲಿ ಒಂದು ಸಮಾಧಾನವಿದೆ. ಮುಂದಿನ ಸಲ ಜುಹುವಿನಲ್ಲೋ ಮರೀನಾದಲ್ಲೋ ಮಕ್ಕಳು ಮರಳಲ್ಲಿ ಗುಡಿ ಕಟ್ಟಿ, ಅಲೆ ಬಂದಾಗ ಅತ್ತರೆ, ಅವರಿಗೆ ಬಲರಾಮದಾಸನ ಕಥೆ ಹೇಳಿ.